ಹನ್ನೆರಡು ಹಣಿಗೆ

ವೇರ್ಟ್ ಹಳ್ಳಿಯ ಮುದುಕ ಬೋಯಿದಿನ್ ಮಗ್ಗ ಬಿಟ್ಟ, ಹಣಿಗೆ ಬಿಡಲಿಲ್ಲ.

ಮಗ್ಗಕ್ಕೆ ಸುತ್ತಿಗೆಯ ಆರು ಏಟು ಸಾಕಾಯಿತು. ಓಕ್ ಮರದ ಕಂಬಗಳು ಎರಡು ಏಟಿಗೆ ಸೀಳಿದವು, ಮೂರನೆಯದಕ್ಕೆ ನೂಲು ಸುತ್ತಿದ ದಿಂಡು ಕಳಚಿ ಉರುಳಿತು, ಉಳಿದ ಮೂರು ಏಟು ಬರೀ ಸಿಟ್ಟಿಗೆ. ಮುದುಕ ಎಳೆಗಳ ಸಮೇತ ಹಣಿಗೆಯನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿ ನೋಡುತ್ತ ನಿಂತಿದ್ದ. ಮರ ಹೋದರೆ ಹೋಗಲಿ, ಯಾವ ಬಡಗಿಯಾದರೂ ವಾರದೊಳಗೆ ಹೊಸದು ಕಟ್ಟಿಕೊಡುತ್ತಾನೆ. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದು ನೇಯ್ಗೆ ಬಡಿಯುವ ಹಣಿಗೆ ಹಾಗಲ್ಲ. ಬೆತ್ತವನ್ನು ಉಗುರಿನಂಚಿನಷ್ಟು ತೆಳ್ಳಗೆ ಸೀಳಿ, ಒಂದೊಂದು ಹಲ್ಲನ್ನೂ ಮೇಣದ ದಾರದಲ್ಲಿ ಬಿಗಿದು, ಸಾವಿರದ ಇನ್ನೂರು ಹಲ್ಲು ಕೂರಿಸುವ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತದೆ. ಹಣಿಗೆ ಇದ್ದವನು ನೇಕಾರ, ಇಲ್ಲದವನು ಕೂಲಿ. ಅದಕ್ಕೇ ಪಟ್ಟಣದ ನೇಕಾರರ ಸಂಘ ಹಳ್ಳಿಗಳ ಮೇಲೆ ದಂಡು ಹೋದಾಗಲೆಲ್ಲ ಮಗ್ಗ ಒಡೆದು, ಹಣಿಗೆ ಕಿತ್ತು, ಉದ್ದನೆಯ ಕೋಲಿಗೆ ಕಟ್ಟಿ, ಬೇಟೆಯಾಡಿದ ಹಂದಿಯ ಹಾಗೆ ಹೆಗಲ ಮೇಲೆ ಹೊತ್ತು ತರುತ್ತಿತ್ತು.

"ಬಿಡು ತಾತ," ಎಂದ ದಂಡಿನಲ್ಲಿ ಬಂದಿದ್ದ ಕೂಲಿ ನೇಕಾರ ಕೋಪಿನ್. "ಅದನ್ನ ತಬ್ಕೊಂಡು ಮಲಗಿದ್ರೆ ಅಜ್ಜಿಗೆ ಹೊಟ್ಟೆಕಿಚ್ಚು ಆಗ್ತದೆ."

ಒಳಗಿದ್ದ ನಾಲ್ಕು ಜನ ನಕ್ಕರು. ಮುದುಕ ಹಣಿಗೆಯನ್ನು ಎದೆಗೆ ಇನ್ನೂ ಗಟ್ಟಿಯಾಗಿ ಅವಚಿಕೊಂಡ.

ಅಂಗಳದಲ್ಲಿ ಕುದುರೆಯ ಮೇಲೆ ಕೂತಿದ್ದ ಗಿಸೆಲಿನ್ ಕೆಳಗಿಳಿಯಲಿಲ್ಲ. ಪಟ್ಟಣದ ದೊಡ್ಡ ಬಟ್ಟೆ ವ್ಯಾಪಾರಿ ಅವನು, ಹದಿನಾಲ್ಕು ಮಗ್ಗಗಳ ಯಜಮಾನ, ಈ ದಂಡಿನ ನಾಯಕ. ಮೈಮೇಲೆ ಉಕ್ಕಿನ ಸಣ್ಣ ಬಳೆಗಳನ್ನು ಹೆಣೆದ ಕವಚ, ಬಳೆಯಂಗಿ. "ಬೆರಳು ಬಿಡ್ಸಿ," ಎಂದ, ಕಿಟಕಿ ಮುಚ್ಚಿ ಅನ್ನುವ ದನಿಯಲ್ಲಿ.

ಮುದುಕನ ಮಣಿಕಟ್ಟು ಹಿಡಿದವನು ಕೋಪಿನ್‌ನ ಜೋಡಿ ನೇಕಾರ ಸೇಗರ್. ಮೊದಲು ಬಲಗೈ, ಆಮೇಲೆ ಎಡಗೈ, ಹೊಸ್ತಿಲಿನ ಮೇಲೆ ಒತ್ತಿ ಹಿಡಿದ. ಸುತ್ತಿಗೆ ಎತ್ತಿದವನು ಬೇರೆ. ಎಲುಬು ಮುರಿದದ್ದು ಒಣ ಕಡ್ಡಿ ಮುರಿದ ಹಾಗೆ ಕೇಳಿಸಲಿಲ್ಲ, ಹಸಿ ಕೊಂಬೆ ತಿರುಚಿದ ಹಾಗೆ ಕೇಳಿಸಿತು. ಮುದುಕ ಕಣ್ಣು ಕಿರಿದು ಮಾಡಿ ಸೇಗರ್‌ನ ಮುಖವನ್ನೇ ನೋಡಿದ. ಸಂತೆಯಲ್ಲಿ ಕಳ್ಳನನ್ನು ಗುರುತಿಟ್ಟುಕೊಳ್ಳುವವರು ಹಾಗೆ ನೋಡುತ್ತಾರೆ.

ಆಮೇಲೆ ಕಟುಕ ಮಾಸ್‌ನನ್ನು ಕರೆದರು. ಮಗ್ಗದ ಉದ್ದೆಳೆಗಳನ್ನು, ಅಂದರೆ ಹಾಸನ್ನು, ಕತ್ತರಿಸುವುದು ಅವನ ಕೆಲಸ. ಆ ಸೀಮೆಯಲ್ಲಿ ಮಗ್ಗಕ್ಕೇರಿದ ಹಾಸನ್ನು ಬಟ್ಟೆ ಮುಗಿಯುವ ಮುಂಚೆ ಕತ್ತರಿಸುವುದು ಬಸುರಿಯ ಹೊಟ್ಟೆಗೆ ಒದ್ದಂತೆ. ನೇಕಾರ ಸತ್ತರೂ ನೆರೆಯವರು ಬಂದು ಅವನ ಬಟ್ಟೆಯನ್ನು ನೇಯ್ದು ಮುಗಿಸಿ, ಆಮೇಲೆ ಹೆಣ ಎತ್ತುತ್ತಾರೆ. ದಂಡಿನಲ್ಲಿ ಬಂದ ಅರವತ್ತು ಮಂದಿಯೂ ನೇಕಾರರೇ. ಮರ ಒಡೆಯುತ್ತಿದ್ದರು, ಬೆರಳು ಜಜ್ಜುತ್ತಿದ್ದರು, ಹಾಸು ಮುಟ್ಟುತ್ತಿರಲಿಲ್ಲ. ಪಾಪಕ್ಕೆ ಅಂತಲೇ ಒಬ್ಬ ಕಟುಕನನ್ನು ಕರೆತಂದಿದ್ದರು. ಮಾಸ್ ಕುರಿ ಕೊಯ್ಯುವ ಚೂರಿಯಿಂದ ಎಳೆಗಳನ್ನು ಸೀಳಿ, ಹಣಿಗೆ ಬಿಡಿಸಿ ಕೋಪಿನ್‌ನ ಕೈಗಿತ್ತ. ಉಳಿದವರೆಲ್ಲ ಅಷ್ಟು ಹೊತ್ತು ಆಚೆ ತಿರುಗಿ ನಿಂತಿದ್ದರು.

"ನಾಲ್ಕು," ಎಂದ ಕೋಪಿನ್, ಕೋಲಿಗೆ ಕಟ್ಟುತ್ತ. "ಸಂಜೆ ಹೊತ್ತಿಗೆ ಇಪ್ಪತ್ತಾದ್ರೆ ಬಿಯರು ಪುಕ್ಕಟೆ. ಏನಪ್ಪಾ ಸೇಗರ್, ನಿಮ್ಮೂರಲ್ಲಿ ಎಷ್ಟವೆ?"

"ಗೊತ್ತಿಲ್ಲ," ಎಂದ ಸೇಗರ್.

"ಹುಟ್ಟಿದ ಊರು ಗೊತ್ತಿಲ್ವಂತೆ! ನಿಮ್ಮವ್ವನಾದ್ರೂ ಗೊತ್ತಾ?"

ಗೊತ್ತಿತ್ತು. ಅವನ ಊರು ಮೂರ್‌ಲಾಂಡೆಯಲ್ಲಿ ನಾಲ್ಕು ಮಗ್ಗ. ನಾಲ್ಕನೆಯದು ಏರಿಯ ಪಕ್ಕದ ಕೊನೆ ಮನೆಯಲ್ಲಿ, ಅವನ ಅಕ್ಕ ಮಾಬೆಲಿಯದು.

ಆರು ವಾರದಿಂದ ಸೇಗರ್‌ಗೂ ಕೋಪಿನ್‌ಗೂ ಕೆಲಸವಿರಲಿಲ್ಲ. ಎರಡು ವರ್ಷ ಅವರು ಗಿಸೆಲಿನ್‌ನ ಅಟ್ಟದ ಅಗಲ ಮಗ್ಗವೊಂದರ ಜೋಡಿ. ಒಂದೇ ಹಲಗೆಯ ಮೇಲೆ ಪಕ್ಕಪಕ್ಕ ಕೂತು, ಇವನು ಎಸೆದ ಲಾಳಿಯನ್ನು ಅವನು ಹಿಡಿದು, ಅವನು ಎಸೆದದ್ದನ್ನು ಇವನು ಹಿಡಿದು, ಗಂಡ ಹೆಂಡಿರಿಗಿಂತ ಹತ್ತಿರವಾಗಿ ಉಸಿರಾಡಿದವರು. ಚಳಿ ಹೋಗುವ ಮುಂಚೆ ಗಿಸೆಲಿನ್ ಐದು ಮಗ್ಗ ನಿಲ್ಲಿಸಿದ. ಆಮೇಲೆ ಪ್ರತಿ ಸೋಮವಾರ ನಸುಕಿಗೆ ಇವರು ಸೇತುವೆಯ ಮೇಲೆ ಕೂಲಿ ನೇಕಾರರ ಸಾಲಿನಲ್ಲಿ ನಿಂತರು. ಯಜಮಾನರು ದನದ ಸಂತೆಯಲ್ಲಿ ಸುತ್ತುವ ಹಾಗೆ ಸುತ್ತಿ, ಕೈ ಹಿಚುಕಿ ನೋಡಿ, ಮುಂದೆ ಹೋದರು. ಕೋಪಿನ್‌ನ ಹೆಂಡತಿಗೆ ಎದೆಹಾಲು ಬತ್ತಿತು. ಕೂಸನ್ನು ಹೂಳಿ ಬಂದ ಮಾರನೇ ದಿನವೂ ಕೋಪಿನ್ ಸೇತುವೆಯ ಮೇಲೆ ಜೋಕು ಹೇಳಿದ.

"ಹಳ್ಳಿಯೋರು ನಿಮ್ಮ ರೊಟ್ಟಿ ತಿಂತಾವ್ರೆ," ಎಂದಿದ್ದ ಗಿಸೆಲಿನ್, ಸಂಘದ ಮನೆಯ ಮೆಟ್ಟಿಲ ಮೇಲೆ ನಿಂತು. "ಪಟ್ಟಣದ ಸುತ್ತ ಮೂರು ಹರದಾರಿ ಒಳಗೆ ಯಾವನೂ ಅಗಲ ಬಟ್ಟೆ ನೇಯಬಾರದು ಅಂತ ರಾಜನ ಮುದ್ರೆ ಇರೋ ಕಾಗದ ಐತೆ ನಮ್ಮತ್ರ. ಅವರು ನೇಯ್ತಾವ್ರೆ. ನಿಮ್ಮ ಮಕ್ಕಳು ಸಾಯ್ತಾವ್ರೆ. ಏನು ಮಾಡ್ತೀರಿ?"

ಮಾಡುವುದೇನು ಅಂತ ಗೊತ್ತಿತ್ತು. ಸುತ್ತಿಗೆಗಳನ್ನು ಅವನೇ ಹಂಚಿದ. ಬಾರದವನಿಗೆ ಮುಂದೆ ಯಾವ ಮಗ್ಗದ ಮೇಲೂ ಕೂರಲು ಬಿಡುವುದಿಲ್ಲ ಅಂತ ಸಂಘ ಸಾರಿತು. ಮೂರ್‌ಲಾಂಡೆಯ ದಾರಿ ಬಲ್ಲವನು ಸೇಗರ್ ಒಬ್ಬನೇ, ಜೌಗು ನೆಲದಲ್ಲಿ ಕಾಲಿಡುವ ಜಾಗ ಬಲ್ಲವನು. ಮೂರು ದಿನ ಮುಂಚೆ ಅವನು ಹಾವುಮೀನು ಮಾರುವವಳೊಬ್ಬಳ ಕೈಯಲ್ಲಿ ಅಕ್ಕನಿಗೆ ಹೇಳಿ ಕಳಿಸಿದ: ಮಗ್ಗ ಬಿಚ್ಚಿ ಹಳ್ಳದಲ್ಲಿ ಮುಳುಗಿಸು, ಹಣಿಗೆ ಎತ್ಕೊಂಡು ಜೌಗಿನೊಳಗೆ ಹೋಗು. ಹೇಳಿದ ಮಾತು ಮುಟ್ಟಿತು ಅಂತ ಮೀನಿನವಳು ಹೇಳಿದ್ದಳು. ಆ ಒಂದು ಮಾತನ್ನು ನಾಲಗೆಯ ಕೆಳಗಿಟ್ಟುಕೊಂಡೇ ಅವನು ಬೆಳಗಿನಿಂದ ನಡೆದದ್ದು, ಮುದುಕನ ಮಣಿಕಟ್ಟು ಹಿಡಿದದ್ದು.

ಮುಂದಿನ ಹಳ್ಳಿ ಓಲ್ಬೆಕೆಯಲ್ಲಿ ಐದು ಹಣಿಗೆ ಸಿಕ್ಕವು. ಅಲ್ಲಿ ಒಬ್ಬ ಕವೆಗೋಲು ಹಿಡಿದು ಅಡ್ಡ ಬಂದ. ಅವನನ್ನು ಅವನ ಬಾವಿಯ ಕಟ್ಟೆಗೆ ತಲೆ ಚಚ್ಚಿ ಕೊಂದರು. ಕೊಲ್ಲಬೇಕೆಂದು ಯಾರೂ ಅಂದುಕೊಂಡಿರಲಿಲ್ಲ, ನಿಲ್ಲಿಸಬೇಕೆಂದೂ ಯಾರೂ ಅಂದುಕೊಳ್ಳಲಿಲ್ಲ. ಅವನ ಹೆಂಡತಿ ಬಾವಿಯಿಂದ ನೀರು ಸೇದಿ ಅವನ ಮುಖ ತೊಳೆಯುತ್ತಲೇ ಇದ್ದಳು.

ಮೂರ್‌ಲಾಂಡೆ ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ. ದಂಡಿನ ನಗಾರಿಯ ಸದ್ದಿಗೆ ಊರ ಜನ ಜೌಗಿನೊಳಗೆ ಓಡಿಹೋಗಿದ್ದರು. ಓಡಲಾಗದವರು ಇಗರ್ಜಿಯ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಮೂರು ಮನೆಗಳಲ್ಲಿ ಮೂರು ಮಗ್ಗ ಮುರಿದವು. ಮಾಸ್ ಒಳಗೆ ಹೋದ, ಹೊರಗೆ ಬಂದ. ಕೋಲಿನ ಮೇಲೆ ಹನ್ನೆರಡಾಯಿತು. ಸೇಗರ್ ಏರಿಯ ಕಡೆ ನೋಡಲಿಲ್ಲ. ಅಲ್ಲಿ ಏನೂ ಇಲ್ಲ, ಬರೀ ಖಾಲಿ ಮನೆ, ಅಂತ ತನಗೆ ತಾನೇ ಹೇಳಿಕೊಂಡ.

ಆಗ ನಗಾರಿಯವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. ಆ ಮೌನದಲ್ಲಿ ಏರಿಯ ಕಡೆಯಿಂದ ಕೇಳಿಸಿತು.

ಟಕ್. ಬಹಳ ಹೊತ್ತು ಏನಿಲ್ಲ. ಧಬ್. ಮತ್ತೆ ಬಹಳ ಹೊತ್ತು ಏನಿಲ್ಲ. ಟಕ್.

ಅರವತ್ತು ನೇಕಾರರ ಕಿವಿ ಒಟ್ಟಿಗೆ ನಿಮಿರಿತು. ಅಗಲ ಮಗ್ಗದ ಸದ್ದು ಎರಡು ಕುದುರೆ ಜೋಡಿಯಾಗಿ ಓಡಿದ ಹಾಗಿರುತ್ತದೆ. ಇದು ಕುಂಟುತ್ತಿತ್ತು.

"ಮೇರಿ ಮಾತೆಯಾಣೆ," ಎಂದ ಕೋಪಿನ್. "ಇಬ್ಬರ ಮಗ್ಗದ ಮೇಲೆ ಒಬ್ರೇ ಕೂತವ್ರೆ. ಯಾವನೋ ಹುಚ್ಚ!"

ಸೇಗರ್‌ನ ಕೈಯಿಂದ ಸುತ್ತಿಗೆ ಜಾರಿತು. ಅವನಿಗಿಂತ ಬಿಳಿಚಿಕೊಂಡಿದ್ದವನು ಇನ್ನೊಬ್ಬನಿದ್ದ, ಕುದುರೆಯ ಮೇಲೆ. ಗಿಸೆಲಿನ್ ಲಗಾಮನ್ನು ಎಳೆದ ರಭಸಕ್ಕೆ ಕುದುರೆ ಸುತ್ತು ತಿರುಗಿತು.

"ಆ ಮನೆಗೆ ಯಾರೂ ಹೋಗೋದು ಬೇಡ," ಎಂದು ಕೂಗಿದ. "ಬೆಂಕಿ ಇಟ್ಬಿಡಿ. ಹೊರಗಡೆಯಿಂದ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಮಗ್ಗದ ಮನೆಗೆ ಬೆಂಕಿ ಇಟ್ಟದ್ದು ಅವರಾರೂ ಕಂಡಿದ್ದಿಲ್ಲ. ಹಣಿಗೆ ಸಂಘಕ್ಕೆ, ಬಟ್ಟೆ ಸಂಘಕ್ಕೆ, ಅದು ಪದ್ಧತಿ.

"ಬಟ್ಟೆ ಸುಟ್ಹೋಗ್ತದಲ್ಲ ಯಜಮಾನ್ರೇ?" ಎಂದ ಯಾರೋ.

"ಸುಡ್ಲಿ! ಇಂಥ ಕೊಬ್ಬಿಗೆ ಬೆಂಕೀನೇ ಮದ್ದು. ಮಾಸ್, ಕೊಳ್ಳಿ ತಗೋ!"

ಸೇಗರ್ ಅಷ್ಟು ಹೊತ್ತಿಗೆ ಓಡುತ್ತಿದ್ದ.

ಬಾಗಿಲು ಒದ್ದು ಒಳಗೆ ಬಿದ್ದಾಗ ಕಂಡದ್ದು ಇದು: ಮಾಬೆಲಿ ಮಗ್ಗದ ಎಡಗಡೆ ನಿಂತು ಲಾಳಿ ಎಸೆದಳು. ತುಳಿಯುವ ಹಲಗೆಯ ಮೇಲೆ ಒಂದು ಕಲ್ಲು ಹೇರಿ ಎಳೆಗಳ ಬಾಯಿ ತೆರೆದಿಟ್ಟಿದ್ದಳು. ಲಾಳಿ ಎಸೆದವಳೇ ಜೀರುಂಡೆಯ ಹಾಗೆ ಮಗ್ಗವನ್ನು ಸುತ್ತಿ ಓಡಿ, ಬಲಗಡೆ ಅದು ನೆಲಕ್ಕೆ ಬೀಳುವ ಮುಂಚೆ ಹಿಡಿದು, ನಡುವಿಗೆ ಬಂದು ಹಣಿಗೆ ಎಳೆದು ಬಡಿದು, ಕಲ್ಲನ್ನು ಇನ್ನೊಂದು ಹಲಗೆಗೆ ಬದಲಾಯಿಸಿ, ಮತ್ತೆ ಬಲಗಡೆಗೆ. ಅವಳ ತಲೆವಸ್ತ್ರ ಕಳಚಿ ಬಿದ್ದಿತ್ತು. ಕೂದಲು ಬೆವರಿಗೆ ಕೆನ್ನೆಗಂಟಿತ್ತು.

"ಅಕ್ಕಾ! ಹೇಳಿ ಕಳಿಸಿದ್ದೆ ಕಣೇ ನಾನು!"

"ಕಳಿಸಿದ್ದೆ." ಅವಳು ನಿಲ್ಲಲಿಲ್ಲ. "ಎಂಟು ಮೊಳ ಉಳಿದಿತ್ತು. ಈಗ ಎರಡೂವರೆ. ನನ್ನ ಜೋಡಿ ಕೂರೋ ಲಾಮಿನ್ ನಗಾರಿ ಕೇಳಿ ಓಡ್ದ. ಗಂಡಸು ನೋಡು, ಕಾಲು ಗಟ್ಟಿ. ಬಾ, ಆ ಕಡೆ ಕೂತ್ಕೋ. ಇಬ್ರು ಆದ್ರೆ ಬೇಗ ಆಗ್ತದೆ."

"ತಲೆ ಕೆಟ್ಟಿದ್ಯಾ? ಬೆಂಕಿ ಇಡ್ತಾವ್ರೆ! ಕತ್ತರಿಸಿ ಓಡ್ಬೇಕಿತ್ತು!"

"ಕತ್ತರಿಸೋಕೆ ಇದೇನು ಸೌತೆಕಾಯಿ ಏನೋ?" ಅವಳು ಮೊದಲ ಸಲ ಅವನ ಮುಖ ನೋಡಿದಳು. "ನಿನ್ನೆ ದೋಣಿಯೋನೂ ಅದೇ ಅಂದ. ಯಜಮಾನ್ರು ಅವಸರ ಮಾಡ್ತಾವ್ರೆ, ಇದ್ದಷ್ಟು ಕತ್ತರಿಸಿ ಕೊಡು ಅಂತ. ನಿಮ್ಮ ಯಜಮಾನ ಬಂದು ನನ್ನ ಕತ್ತು ಕತ್ತರಿಸ್ಲಿ, ಹಾಸು ಕತ್ತರಿಸಲ್ಲ ಅಂದೆ."

"ಯಾವ ಯಜಮಾನ?"

"ನಂಗೇನು ಗೊತ್ತು? ನೂಲು ದೋಣೀಲಿ ಬರ್ತದೆ, ಬಟ್ಟೆ ದೋಣೀಲಿ ಹೋಗ್ತದೆ. ಪಟ್ಟಣದ ಕೂಲೀಲಿ ಅರ್ಧ ಕೊಡ್ತಾರೆ."

ಆಗ ಅವನು ಬಟ್ಟೆಯನ್ನು ನೋಡಿದ. ಅಲ್ಲಿಯವರೆಗೆ ಅಕ್ಕನನ್ನು ನೋಡಿದ್ದ, ಬಾಗಿಲನ್ನು ನೋಡಿದ್ದ. ಕಡಲಾಚೆಯ ಇಂಗ್ಲಿಷ್ ಉಣ್ಣೆ, ಹಳ್ಳಿಯ ಕೈಗೆ ಎಂದೂ ಸಿಗದ್ದು. ಬಟ್ಟೆಯ ಅಂಚಿನಲ್ಲಿ ಎರಡು ನೀಲಿ ಎಳೆ, ನಡುವೆ ಒಂದು ಹಳದಿ.

ಪಟ್ಟಣದಲ್ಲಿ ಪ್ರತಿ ಯಜಮಾನನಿಗೂ ತನ್ನದೇ ಅಂಚು. ಬಟ್ಟೆಯ ಚಾವಡಿಯಲ್ಲಿ ಅಂಚು ನೋಡಿಯೇ ಸೀಸದ ಮುದ್ರೆ ಒತ್ತುತ್ತಾರೆ. ಈ ಅಂಚನ್ನು ಸೇಗರ್ ಎರಡು ವರ್ಷ ತನ್ನ ಬೆರಳಿಂದ ನೇಯ್ದಿದ್ದ. ಎಡ ತುದಿ ಅವನದು, ಬಲ ತುದಿ ಕೋಪಿನ್‌ನದು. ಎರಡು ನೀಲಿ, ನಡುವೆ ಹಳದಿ: ಗಿಸೆಲಿನ್.

ಸೂರಿನ ಹುಲ್ಲು ಚಟಪಟ ಅಂದಿತು. ಹೊಗೆ ತೊಲೆಗಳ ಸಂದಿಯಿಂದ ಇಳಿಯತೊಡಗಿತು.

"ಅಕ್ಕಾ, ಬಾ."

"ಎರಡೂವರೆ ಮೊಳ ಕಣೋ."

ಅವನು ಗೋಡೆಗೆ ನೇತು ಹಾಕಿದ್ದ ಉಣ್ಣೆ ಕತ್ತರಿ ಕಿತ್ತುಕೊಂಡ. ಅದನ್ನು ಕಂಡದ್ದೇ ಅವಳ ಮುಖ ಬದಲಾಯಿತು. ಬೆಂಕಿಗೆ ಹೆದರದವಳು ಕತ್ತರಿಗೆ ಹೆದರಿದಳು. "ಸೇಗರ್, ಬೇಡ. ನಮ್ಮವ್ವನಾಣೆ ಬೇಡ!" ಕಬ್ಬಿಣದ ಮೂತಿಯ ಲಾಳಿಯನ್ನು ಬೀಸಿ ಅವನ ಹಣೆಗೆ ಹೊಡೆದಳು. ಹುಬ್ಬು ಹರಿದು ರಕ್ತ ಕಣ್ಣಿಗಿಳಿಯಿತು. ಅವನು ಕುರುಡನ ಹಾಗೆ ಒಂದು ಕೈಯಲ್ಲಿ ಎಳೆಗಳನ್ನು ತಡವಿ, ಹಣಿಗೆಯ ಮಗ್ಗುಲಿಗೆ ಕತ್ತರಿ ಇಟ್ಟ.

ಬಿಗಿದ ಎಳೆಗಳು ಕತ್ತರಿಸಿದಾಗ ಉಸಿರು ಬಿಡುತ್ತವೆ. ಸಾವಿರದ ಇನ್ನೂರು ಸಣ್ಣ ಉಸಿರು. ಬೆಳಗಿನಿಂದ ಮಾಸ್ ಸೀಳಿದ್ದು ಮುರಿದ ಮಗ್ಗದ ಸಡಿಲ ಎಳೆಗಳನ್ನು; ಹುಟ್ಟಾ ನೇಕಾರನಾದ ಅವನು ಈ ಸದ್ದನ್ನು ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಮಾಬೆಲಿ ಅವನ ಭುಜಕ್ಕೆ ಹಲ್ಲು ಊರಿದಳು. ಕಚ್ಚಿಸಿಕೊಳ್ಳುತ್ತಲೇ ಅವನು ಬಟ್ಟೆಯನ್ನು ದಿಂಡಿನಿಂದ ಎಳೆದೆಳೆದು ಹೆಗಲಿಗೆ ಹಾಕಿಕೊಂಡು, ಅವಳ ರಟ್ಟೆ ಹಿಡಿದು ಹೊರಗೆ ಬಿದ್ದ. ಅವರ ಹಿಂದೆಯೇ ಸೂರು ಕುಸಿಯಿತು. ಅವಳ ಹಣಿಗೆ ಒಳಗೇ ಉಳಿಯಿತು.

ಅಂಗಳದ ತುಂಬ ದಂಡು ನಿಂತಿತ್ತು. ಸೇಗರ್ ಬಟ್ಟೆಯನ್ನು ಕೆಸರಿನಲ್ಲಿ ಎಸೆದು ಹಾಸಿದ. ಇಪ್ಪತ್ತೇಳು ಮೊಳ, ಬೇಲಿಯಿಂದ ಹಳ್ಳದವರೆಗೆ.

"ಅಂಚು ನೋಡ್ರಿ," ಎಂದ. ಗಂಟಲಲ್ಲಿ ಹೊಗೆ ತುಂಬಿ ದನಿ ಹೊರಡಲಿಲ್ಲ. ಮತ್ತೆ ಕೂಗಿದ. "ಅಂಚು ನೋಡ್ರೋ!"

"ಕದ್ದ ನೂಲು," ಎಂದ ಗಿಸೆಲಿನ್ ತಕ್ಷಣ. ಬೇಕಾದ್ದಕ್ಕಿಂತ ಬೇಗ ಎಂದ. "ನನ್ನ ಉಗ್ರಾಣದಿಂದ ಕದ್ದಿದ್ದು. ಇವನೇ ಕದ್ದು ಅಕ್ಕನಿಗೆ ಸಾಗಿಸವ್ನೆ. ಹಿಡೀರಿ!"

ಯಾರೂ ಹಿಡಿಯಲಿಲ್ಲ, ಯಾರೂ ಹತ್ತಿರ ಬರಲೂ ಇಲ್ಲ. ನಂಬುವುದು ಸುಲಭವಿತ್ತು. ನಂಬದಿದ್ದರೆ ಬೆಳಗಿನಿಂದ ಮಾಡಿದ್ದನ್ನೆಲ್ಲ ಹೊರಬೇಕಿತ್ತು, ಮುದುಕನ ಬೆರಳು, ಬಾವಿಯ ಕಟ್ಟೆ. ಸೇಗರ್‌ಗೆ ಅವರ ಮುಖಗಳಲ್ಲಿ ಅದು ಕಂಡಿತು. ಕೆಲವರು ನೆಲ ನೋಡುತ್ತಿದ್ದರು, ಕಟುಕ ಕತ್ತರಿಸುವಾಗ ಆಚೆ ತಿರುಗಿ ನಿಲ್ಲುತ್ತಿದ್ದರಲ್ಲ, ಹಾಗೆ.

"ಕೋಪಿನ್," ಎಂದ ಸೇಗರ್. "ನೀನಾದ್ರೂ ಮುಟ್ಟಿ ನೋಡೋ."

ಕೋಪಿನ್ ಹಣಿಗೆಯ ಕೋಲನ್ನು ಪಕ್ಕದವನಿಗೆ ಕೊಟ್ಟು ಬಂದ. ಮಂಡಿಯೂರಿ ಬಟ್ಟೆಯ ಬಲ ಅಂಚನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿದ, ಕಣ್ಣು ಮುಚ್ಚಿ. ಅಂಚನ್ನು ಹಿಡಿದೇ ಮೊಳ ಮೊಳ ತೆವಳುತ್ತ ಹೋದ.

"ಕದ್ದಿದ್ದು ಅಂದ್ರಾ ಯಜಮಾನ್ರೇ?" ಮೆಲ್ಲಗೆ ಕೇಳಿದ. "ಇಪ್ಪತ್ತೇಳು ಮೊಳಕ್ಕೆ ಬೇಕಾದಷ್ಟು ನೂಲನ್ನ ಇವನು ಎಲ್ಲಿಟ್ಕೊಂಡು ತಂದ? ಚಡ್ಡಿ ಒಳಗಾ?"

ಯಾರೂ ನಗಲಿಲ್ಲ.

"ಆರು ವಾರದ ಕೆಲಸ ಇದು," ಎಂದ ಕೋಪಿನ್. "ಅಳೆದಂಗೆ ಆರು ವಾರ. ನಮ್ಮ ಮಗ್ಗ ನಿಂತ ದಿನ ಇದು ಶುರುವಾಗೈತೆ." ಅವನು ಎದ್ದು ನಿಂತ. "ನನ್ನ ಕೂಸಿನ ವಯಸ್ಸೂ ಆರು ವಾರ ಯಜಮಾನ್ರೇ. ಇದ್ದಿದ್ರೆ."

"ನೂಲು ದೋಣೀಲಿ ಬಂತು!" ಎಂದು ಕೂಗಿದಳು ಮಾಬೆಲಿ. "ಆ ಕಡೆ ನಿಮ್ಮನ್ನ ಉಪವಾಸ ಕೆಡವಿ, ಈ ಕಡೆ ನಮ್ಮನ್ನ ಹೆದರಿಸಿ, ಇಬ್ಬರ ಕೈಲೂ ಅರ್ಧ ಕೂಲಿಗೆ ನೇಯಿಸ್ಕೊಳ್ತಾನೆ ನಿಮ್ಮಪ್ಪ! ಸುತ್ತಿಗೆ ಕೊಟ್ನಂತೆ, ಇಸ್ಕೊಂಡ್ರಂತೆ! ಥೂ!"

ಗಿಸೆಲಿನ್ ಕತ್ತಿ ಹಿರಿದು ಕುದುರೆಯನ್ನು ಅವಳ ಮೇಲೆ ನುಗ್ಗಿಸಿದ. ಅವಳು ತಲೆ ಉಳಿಸಿಕೊಳ್ಳಲು ಬಲಗೈ ಅಡ್ಡ ಹಿಡಿದಳು. ಕತ್ತಿ ಬೀಸಿದಾಗ ಮೂರು ಬೆರಳು ಬಟ್ಟೆಯ ಮೇಲೆ ಬಿದ್ದವು. ಅಷ್ಟರಲ್ಲಿ ಕುದುರೆಯ ಮುಂಗಾಲು ಇಪ್ಪತ್ತೇಳು ಮೊಳ ಉಣ್ಣೆಯಲ್ಲಿ ಸಿಕ್ಕಿಕೊಂಡಿತು. ಅದು ಹೇಷಾರವ ಮಾಡಿ ಕೆದರಿ, ಇನ್ನಷ್ಟು ಸುತ್ತಿಕೊಂಡು, ಮಗ್ಗುಲಾಗಿ ಉರುಳಿತು. ಸವಾರನ ಒಂದು ಕಾಲು ಅದರಡಿ.

ಮೊದಲ ಏಟು ಕೋಪಿನ್‌ನದು. ಎರಡನೆಯದು ಯಾರದೋ. ಆಮೇಲೆ ಎಣಿಸಲಾಗಲಿಲ್ಲ. ಬಳೆಯಂಗಿ ಕತ್ತಿಯನ್ನು ತಡೆಯುತ್ತದೆ, ಸುತ್ತಿಗೆಯನ್ನಲ್ಲ. ಅವನು ಮೊದಲು ಆಜ್ಞೆ ಕೊಟ್ಟ, ಆಮೇಲೆ ಹೆಸರು ಹೆಸರು ಹಿಡಿದು ಬೇಡಿಕೊಂಡ, ಆಮೇಲೆ ಸುಮ್ಮನಾದ. ಮಗ್ಗದ ಕಂಬ ಸೀಳುವ ಸದ್ದು, ಇದರ ಸದ್ದು, ಎರಡಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಕೆಲವು ಏಟು ಇಲ್ಲಿಯೂ ಬರೀ ಸಿಟ್ಟಿಗೆ ಬಿದ್ದವು. ತಾನೂ ಹೊಡೆದೆನೇ ಎಂದು ಸೇಗರ್‌ಗೆ ನೆನಪಾಗಲಿಲ್ಲ. ಕೈ ನೋಡಿಕೊಂಡಾಗ ಯಾರದೋ ಸುತ್ತಿಗೆ ಇತ್ತು, ಸುತ್ತಿಗೆಗೆ ಕೂದಲು ಅಂಟಿತ್ತು.

ಎಲ್ಲ ನಿಂತಾಗ ದಂಡಿನ ಅರ್ಧಕ್ಕರ್ಧ ಜನ ಇರಲಿಲ್ಲ. ನಗಾರಿ ಹಾದಿಯಲ್ಲಿ ಬಿದ್ದಿತ್ತು. ಮಾಸ್ ಕುದುರೆಯ ಕಾಲಿಗೆ ಸುತ್ತಿದ್ದ ಬಟ್ಟೆ ಬಿಡಿಸಿ ಅದನ್ನು ಎಬ್ಬಿಸಿದ. ಕತ್ತರಿಸಲಿಲ್ಲ, ಬಿಡಿಸಿದ.

ಇಗರ್ಜಿಯ ಗೋಡೆಗೆ ಒತ್ತಿಕೊಂಡಿದ್ದ ಊರವರು ಹತ್ತಿರ ಬಂದರು. ಯಾರೂ ಕೈ ಮುಗಿಯಲಿಲ್ಲ, ಯಾರೂ ಶಭಾಷ್ ಅನ್ನಲಿಲ್ಲ. ಸತ್ತವನನ್ನು ಒಮ್ಮೆ ನೋಡಿ, ಬದುಕಿದ್ದವರನ್ನು ಬಹಳ ಹೊತ್ತು ನೋಡಿದರು.

ಒಬ್ಬ ನೇಕಾರ ಬಟ್ಟೆಯ ತುದಿ ಎತ್ತಿ ಹೆಣದ ಮೇಲೆ ಎಳೆಯಲು ಹೋದ.

"ಬಿಡು ಅದನ್ನ," ಎಂದಳು ಮಾಬೆಲಿ. ಏರಿಗೆ ಒರಗಿ ಕೂತಿದ್ದಳು. ಒಬ್ಬ ಮುದುಕಿ ಅವಳ ಕೈಗೆ ಬೂದಿ ಮೆತ್ತಿ ಕಟ್ಟುತ್ತಿದ್ದಳು. "ಅವನ ಹೆಣಕ್ಕೆ ಹೊದಿಸೋಕೆ ನಾನು ನೇಯ್ಲಿಲ್ಲ. ನನ್ನ ಬಟ್ಟೆ ಅದು."

ಸೇಗರ್ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಅಕ್ಕಾ."

"ಕತ್ತರಿಸಿದೆ ನೀನು."

"ಸುಟ್ಟು ಹೋಗ್ತಿದ್ದೆ ಕಣೇ."

"ಗೊತ್ತು. ಆದ್ರೂ ಕತ್ತರಿಸಿದೆ." ಅವಳ ತುಟಿ ನೀಲಿಗಟ್ಟಿತ್ತು, ದನಿ ಗಟ್ಟಿಯಿತ್ತು. "ಆ ಕೋಲಲ್ಲಿ ಎಷ್ಟವೆ?"

"ಹನ್ನೆರಡು."

"ನಮ್ಮೂರಿನ ಮೂರು ಇಳ್ಸು. ಉಳಿದಿದ್ದು ಎಲ್ಲೆಲ್ಲಿ ಕಿತ್ತಿರೋ ಅಲ್ಲಲ್ಲಿಗೆ ಹೋಗಿ ನೀನೇ ಕೊಟ್ಟು ಬಾ. ನಿನ್ನ ಕೈಯಾರೆ. ಆಮೇಲೆ ಬಂದು ಅಕ್ಕ ಅನ್ನು. ಆಗ ಓ ಅಂತೀನಿ."

ಕೋಪಿನ್ ಅವಳ ಹತ್ತಿರ ಬಂದು, ಟೋಪಿ ತೆಗೆದು ನಿಂತ. "ಅಮ್ಮಣ್ಣಿ, ಈ ಅಂಚಿಂದು ಒಂದು ಗೇಣು ಬೇಕು. ಸೋಮವಾರ ಸೇತುವೆ ಮೇಲೆ ನಿಲ್ಲೋರಿಗೆ ತೋರಿಸ್ಬೇಕು. ಬಾಯಿಮಾತಿಗೆ ಯಾರೂ ನಂಬಲ್ಲ. ನಂಗೇ ನಂಬೋಕೆ ಮುಟ್ಟಿ ನೋಡ್ಬೇಕಾಯ್ತು."

"ಹಿಡಿದ್ರೆ ನಿನ್ನ ಚಕ್ರಕ್ಕೆ ಕಟ್ಟಿ ಮೂಳೆ ಮುರೀತಾರೆ," ಎಂದ ಸೇಗರ್.

"ಮುರೀಲಿ. ಎರಡು ವರ್ಷ ನಿನ್ನ ಪಕ್ಕ ಕೂತು ಬೆನ್ನು ಮುರ್ಕೊಂಡಿದ್ದೇ ಆಗೈತೆ."

ಮಾಬೆಲಿ ಎಡಗೈಯಿಂದ ಸೊಂಟ ತಡವಿ ಸಣ್ಣ ಚಾಕು ಕೊಟ್ಟಳು. "ಕತ್ತರಿಸಿದ್ದಾಗಿದೆಯಲ್ಲ," ಎಂದಳು. "ತಗೊಂಡು ಹೋಗು."

ಮೂರ್‌ಲಾಂಡೆಯ ಮೂರು ಹಣಿಗೆಯನ್ನು ಜನ ಸೇಗರ್‌ನ ಕೈಯಿಂದ ಕಿತ್ತುಕೊಂಡರು. ಒಂಬತ್ತನ್ನು ಹೊತ್ತು ಅವನು ಜೌಗಿನ ದಾರಿ ಹಿಡಿದ. ಜೊತೆಗೆ ಬರುತ್ತೇವೆಂದ ಇಬ್ಬರು ಓಲ್ಬೆಕೆಯ ಬೇಲಿ ಕಾಣುತ್ತಲೇ ಹಿಂದುಳಿದರು.

ಓಲ್ಬೆಕೆಯಲ್ಲಿ ಅವನಿಗೆ ಕಲ್ಲು ಬಿದ್ದವು. ಒಂದು ಬೆನ್ನಿಗೆ, ಒಂದು ಮೊದಲೇ ಹರಿದಿದ್ದ ಹುಬ್ಬಿಗೆ. ಕೋಲು ಕೆಳಗಿಡದೆ ಒಂದೊಂದೇ ಹಣಿಗೆ ಬಿಚ್ಚಿ ಒಂದೊಂದು ಹೊಸ್ತಿಲ ಮೇಲಿಟ್ಟ. ಬಾವಿಯ ಕಟ್ಟೆಯ ಬಳಿ ಆ ಹೆಂಗಸು ಇನ್ನೂ ಕೂತಿದ್ದಳು. ಗಂಡನ ಮುಖ ಈಗ ಬಿಳಿ ಬಟ್ಟೆಯಷ್ಟು ಸ್ವಚ್ಛವಾಗಿತ್ತು. ಅವನು ಹಣಿಗೆಯನ್ನು ಅವಳ ಪಕ್ಕಕ್ಕಿಟ್ಟ. ಅವಳು ಅದನ್ನು ನೋಡಿ, "ಇದು ನಮ್ದಲ್ಲ. ನಮ್ದಕ್ಕೆ ಕೆಂಪು ದಾರ," ಎಂದಳು. ಅವನು ಹುಡುಕಿ ಕೆಂಪು ದಾರದ್ದು ಕೊಟ್ಟ. ಅವಳು ಅವನ ಮುಖಕ್ಕೆ ಉಗಿದಳು. ಅವನು ಒರೆಸಿಕೊಳ್ಳಲಿಲ್ಲ, ಮುಂದೆ ನಡೆದ.

ವೇರ್ಟ್ ತಲುಪಿದಾಗ ಬಿಸಿಲು ಇನ್ನೂ ಹೊಲಗಳ ಮೇಲಿತ್ತು. ಮೂರು ಮನೆಯಲ್ಲಿ ಮೂರು ಇಟ್ಟ. ನಾಲ್ಕನೆಯದು ಬೋಯಿದಿನ್‌ನದು.

ಮುದುಕ ಮುರಿದ ಮಗ್ಗದ ನಡುವೆ ಮಣೆಯ ಮೇಲೆ ಕೂತಿದ್ದ. ಎರಡೂ ಕೈಗೆ ಚಿಂದಿ ಸುತ್ತಿ ಕೂಸುಗಳ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದ. ಸೇಗರ್ ಹೊಸ್ತಿಲ ಹೊರಗೇ ನಿಂತ. ಅದರ ಮೇಲೆ ರಕ್ತದ ಕಲೆ ಒಣಗಿತ್ತು, ದಾಟಲಾಗಲಿಲ್ಲ.

"ತಾತ. ನಿಮ್ಮ ಹಣಿಗೆ."

ಬೋಯಿದಿನ್ ತಲೆ ಎತ್ತಿ ಅವನನ್ನು ಗುರುತು ಹಿಡಿದ. ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. "ಹಣಿಗೆ ತಂದೆ," ಎಂದ. "ಕೈ?"

ಸೇಗರ್ ಹೊರಗಿನಿಂದಲೇ ಕೈ ಚಾಚಿ ಹಣಿಗೆಯನ್ನು ಮುದುಕನ ಮಣೆಯ ಬಳಿ ಇಟ್ಟ.

ಆಗ ದೂರದಿಂದ, ನದಿಯ ಆಚೆಯಿಂದ, ಪಟ್ಟಣದ ಕೆಲಸದ ಗಂಟೆ ಬಾರಿಸತೊಡಗಿತು. ಅದು ದಿನಕ್ಕೆ ನಾಲ್ಕು ಸಲ ಬಾರಿಸುವ ಗಂಟೆ. ಕೆಲಸಕ್ಕೆ ಹತ್ತಲು, ಉಣ್ಣಲು, ಮತ್ತೆ ಹತ್ತಲು, ಇಳಿಯಲು. ಇದು ಆ ನಾಲ್ಕರಲ್ಲಿ ಯಾವ ಹೊತ್ತೂ ಅಲ್ಲ. ನಿಲ್ಲದೆ ಬಾರಿಸುತ್ತಿತ್ತು, ಹಗ್ಗಕ್ಕೆ ಹತ್ತು ಜನ ಜೋತು ಬಿದ್ದ ಹಾಗೆ. ಹೊತ್ತಲ್ಲದ ಹೊತ್ತಿನಲ್ಲಿ ಆ ಗಂಟೆ ಬಾರಿಸಿದವನಿಗೆ ನೇಣು ಎಂದು ಪಟ್ಟಣದಲ್ಲಿ ಎಲ್ಲರಿಗೂ ಗೊತ್ತು. ಕೋಪಿನ್ ಸೋಮವಾರದವರೆಗೆ ಕಾದಿರಲಿಲ್ಲ. ಅಂಚಿನ ಚೂರು ಕೈಯಿಂದ ಕೈಗೆ ಹೋಗುತ್ತಿರಬೇಕು ಈಗ, ಅಟ್ಟದಿಂದ ಅಟ್ಟಕ್ಕೆ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ. ಅಥವಾ ಅವನನ್ನು ಹಿಡಿದಿರಬೇಕು, ಸವಾರರು ಹೊರಟಿರಬೇಕು. ಎರಡೂ ಒಟ್ಟಿಗೇ ಆಗಿರಲಿಕ್ಕೂ ಸಾಕು.

"ಅದು ಬಾರಿಸ್ತಿರೋದು ನಿಂಗಾ?" ಎಂದು ಕೇಳಿದ ಮುದುಕ, ಗಂಟೆಯ ಕಡೆ ಗದ್ದ ಎತ್ತಿ.

"ನಮ್ಗೆ," ಎಂದ ಸೇಗರ್.

ಮುದುಕ ಹಣಿಗೆಯ ಕಡೆ ನೋಡಿದ. ಮುಟ್ಟಲಾಗದು, ಅದಕ್ಕೇ ಮುಖವನ್ನು ಹತ್ತಿರ ತಂದು, ಕಣ್ಣಿಂದ ಹಲ್ಲು ಹಲ್ಲು ಎಣಿಸುತ್ತ ಹೋದ. ಬಹಳ ಹೊತ್ತು ಹಿಡಿಯಿತು. ಗಂಟೆ ಬಾರಿಸುತ್ತಲೇ ಇತ್ತು.

"ನಡೂಗೆ ಎರಡು ಹಲ್ಲು ಮುರಿದವೆ," ಎಂದ. "ಬೆತ್ತ ಆ ಮೂಲೇಲಿ ಐತೆ, ಮೇಣ ಗೂಡಲ್ಲಿ. ಬಾಗ್ಲಲ್ಲಿ ನಿಂತು ಬೆಳಕಿಗೆ ಅಡ್ಡ ಆಗ್ಬೇಡ. ಬಂದು ಕೂತ್ಕೋ."

ಸೇಗರ್ ಹೊಸ್ತಿಲು ದಾಟಿದ.